ರಾತ್ರಿ ಪಾಳಿ ನಿಮ್ಮ ಕೈಗೆ ಬಂದಾಗ: ಯಾವ ಕೆಲಸ ಯಾರಿಗೆ, ಯಾವುದು ನಿಮಗೇ

ಆಸ್ಪತ್ರೆ ವಾರ್ಡಿನಲ್ಲಿ ಮೊದಲ ಸಲ ಶಿಫ್ಟ್ ಇನ್‌ಚಾರ್ಜ್ ಆದ ನರ್ಸ್‌ಗಳು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದೋ ಎಲ್ಲಾ ಕೆಲಸ ತಾವೇ ಮೈಮೇಲೆ ಹಾಕಿಕೊಳ್ಳುತ್ತಾರೆ. ಇಲ್ಲಾಂದ್ರೆ ಎಲ್ಲಾ ಹಂಚಿಬಿಟ್ಟು, ಟೇಬಲ್ ಮುಂದೆ ರಿಜಿಸ್ಟರ್ ಬರೆಯುತ್ತಾ ಕೂರುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಮೊದಲನೆಯದರಲ್ಲಿ ನನ್ನ ಸೊಂಟ ಹೋಯಿತು. ಎರಡನೆಯದರಲ್ಲಿ ಒಬ್ಬ ಹುಡುಗನ ಜೀವ ಹೋಗುವುದರಲ್ಲಿತ್ತು. ಅವನ ವಿಷಯ ಮುಂದೆ ಬರುತ್ತದೆ.

ಹುಬ್ಬಳ್ಳಿ ಕಡೆಯ ಒಂದು ಮೆಡಿಸಿನ್ ವಾರ್ಡ್ ಅಂತ ಇಟ್ಟುಕೊಳ್ಳಿ. 30 ಹಾಸಿಗೆ, 34 ರೋಗಿಗಳು. ನಾಲ್ವರು ನೆಲದ ಮೇಲೆ. ಕಲಘಟಗಿ, ಕುಂದಗೋಳ, ನವಲಗುಂದ, ಶಿಗ್ಗಾವಿ, ಹೀಗೆ ಎಲ್ಲಾ ಕಡೆಯಿಂದ ಬಂದವರು. ರಾತ್ರಿ ಡ್ಯೂಟಿಗೆ ನೀವು, ಒಬ್ಬ ಜೂನಿಯರ್ ಸ್ಟಾಫ್ ನರ್ಸ್, ಒಬ್ಬರು ಎಎನ್‌ಎಂ (ಸಹಾಯಕ ನರ್ಸ್), ಒಬ್ಬಳು ಮೂರನೇ ವರ್ಷದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿನಿ, ಒಬ್ಬರು ಆಯಾ. ವಾರ್ಡ್ ಬಾಯ್ ಎರಡು ವಾರ್ಡಿಗೆ ಸೇರಿ ಒಬ್ಬನೇ. ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯಾದರೆ 3 ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಾದರೆ 5ಕ್ಕೆ ಒಬ್ಬ. ಆ ಲೆಕ್ಕ ಓದಿ ನಕ್ಕು ಮುಂದೆ ಹೋಗೋಣ. ಇದ್ದ ಜನರಲ್ಲೇ ರಾತ್ರಿ ಕಳೆಯಬೇಕು, ಯಾರಿಗೂ ಏನೂ ಆಗಬಾರದು. ಅದಕ್ಕೆ ಬೇಕಾದ ಲೆಕ್ಕಾಚಾರ ಇದು.

1. ಹ್ಯಾಂಡೋವರ್ (ಹಿಂದಿನ ಪಾಳಿಯವರು ವಾರ್ಡ್ ಒಪ್ಪಿಸುವುದು) ಹಾಸಿಗೆ ಪಕ್ಕ ನಿಂತು ತಗೊಳ್ಳಿ

ಟೇಬಲ್ ಹತ್ತಿರ ಕೂತು ಪುಸ್ತಕ ಓದಿಸಿಕೊಳ್ಳುವ ಹ್ಯಾಂಡೋವರ್ ಅರ್ಧ ಹ್ಯಾಂಡೋವರ್. ಸಂಜೆ ಪಾಳಿಯವರಿಗೆ ಮನೆಗೆ ಹೋಗುವ ಅವಸರ ಇರುತ್ತದೆ, ಅದು ತಪ್ಪೇನಲ್ಲ. ಆದರೂ 34 ಜನರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಪ್ರತಿ ಹಾಸಿಗೆ ಹತ್ತಿರ ನಾಲ್ಕು ನೋಡಿ: ಮುಖ, ಉಸಿರು, ಕ್ಯಾನುಲಾ (ಡ್ರಿಪ್ ಸೂಜಿ-ನಳಿಕೆ) ಹಾಕಿದ ಕೈ, ನೇತಾಡುತ್ತಿರುವ ಬಾಟಲಿ. "ಸ್ಟೇಬಲ್ ಅದಾರ್ರಿ" ಅಂದರೆ ನಂಬಬೇಡಿ. "ಕೊನೇ ಬಿಪಿ ಎಷ್ಟೊತ್ತಿಗೆ ನೋಡಿದ್ರಿ, ಎಷ್ಟಿತ್ತು?" ಅಂತ ಕೇಳಿ. ಉತ್ತರ ತಡವರಿಸಿದರೆ ಆ ರೋಗಿ ನಿಮ್ಮ ಪಟ್ಟಿಯಲ್ಲಿ ಮೇಲೆ ಬರಬೇಕು.

ಉಸಿರಿನ ಬಗ್ಗೆ ಒಂದು ಮಾತು. ನಮ್ಮ ಚಾರ್ಟುಗಳನ್ನು ನಂಬಿದರೆ ಉತ್ತರ ಕರ್ನಾಟಕದ ಪ್ರತಿಯೊಬ್ಬರೂ ನಿಮಿಷಕ್ಕೆ ಸರಿಯಾಗಿ 20 ಸಲ ಉಸಿರಾಡುತ್ತಾರೆ. ಯಾರೂ ಎಣಿಸುವುದಿಲ್ಲ, ಹಿಂದಿನವರು ಬರೆದದ್ದನ್ನೇ ಬರೆಯುತ್ತಾರೆ. ಆದರೆ ರೋಗಿ ಕೆಡುವಾಗ ಬಹಳ ಸಲ ಮೊದಲು ಬದಲಾಗುವುದು ಉಸಿರೇ. ಬ್ರಿಟನ್ನಿನಲ್ಲಿ 2017ರಿಂದ ಬಳಸುತ್ತಿರುವ, ರೋಗಿ ಕೆಡುತ್ತಿರುವುದನ್ನು ಅಂಕ ಹಾಕಿ ಹಿಡಿಯುವ ನ್ಯೂಸ್-2 ಚಾರ್ಟಿನಲ್ಲಿ ಉಸಿರು 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೊಂದಕ್ಕೇ 3 ಅಂಕ. ಹೊಸದಾಗಿ ಶುರುವಾದ ಗೊಂದಲಕ್ಕೂ 3. ಒಟ್ಟು 5 ಆದರೆ ಡಾಕ್ಟರ್ ಬೇಗ ಬರಬೇಕು, 7 ಆದರೆ ತುರ್ತು. ನಿಮ್ಮ ಆಸ್ಪತ್ರೆಯಲ್ಲಿ ಈ ಚಾರ್ಟ್ ಇಲ್ಲದಿದ್ದರೂ ಈ ಅಂಕಿಗಳು ತಲೆಯಲ್ಲಿರಲಿ.

2. ರೋಗಿಗಳನ್ನು ಮೂರು ಗುಂಪು ಮಾಡಿ

ಹಾಸಿಗೆ ನಂಬರ್ ಪ್ರಕಾರ "1ರಿಂದ 17 ನೀನು, 18ರಿಂದ 34 ನಾನು" ಅಂತ ಹಂಚುವುದು ನಮ್ಮ ಹಳೇ ಚಾಳಿ. ಸುಲಭ ನಿಜ. ಆದರೆ ಹಾಗೆ ಹಂಚಿದರೆ ಮೂರು ಸೀರಿಯಸ್ ಕೇಸ್ ಒಬ್ಬಳ ಪಾಲಿಗೇ ಬಿದ್ದರೂ ಬೀಳಬಹುದು, ಅದೂ ಹೋದ ತಿಂಗಳು ಸೇರಿದವಳ ಪಾಲಿಗೆ.

ನಾನು ಒಂದು ಚೀಟಿಯಲ್ಲಿ ಮೂರು ಗೆರೆ ಹಾಕುತ್ತೇನೆ. ಮೊದಲ ಗೆರೆಯಲ್ಲಿ ಈಗಲೇ ಕೆಟ್ಟವರು ಮತ್ತು ಯಾವ ಕ್ಷಣದಲ್ಲಾದರೂ ಕೆಡಬಹುದಾದವರು. ಎಣ್ಣಿ (ಬೆಳೆಗೆ ಹೊಡೆಯುವ ಕೀಟನಾಶಕ) ಕುಡಿದು ಅದಕ್ಕೆ ಕೊಡುವ ಅಟ್ರೋಪಿನ್ ಔಷಧದ ಮೇಲಿರುವವರು, ಹಾವು ಕಚ್ಚಿ ವಿಷದ ಔಷಧ ಹೋಗುತ್ತಿರುವವರು, ರಕ್ತ ಏರುತ್ತಿರುವವರು, ಸಂಜೆಯಷ್ಟೇ ಅಡ್ಮಿಟ್ ಆದವರು. ಹೊಸ ಅಡ್ಮಿಷನ್ ಯಾವತ್ತೂ ಮೊದಲ ಗೆರೆಗೇ ಹೋಗಬೇಕು. ನಮಗೆ ಅವರ ಸ್ಥಿತಿ ಇನ್ನೂ ಗೊತ್ತಿಲ್ಲ, ಅಲ್ವಾ? ಎರಡನೇ ಗೆರೆಯಲ್ಲಿ ಕೆಲಸ ಜಾಸ್ತಿ ಆದರೆ ಅಪಾಯ ಕಡಿಮೆ ಇರುವವರು: ಪಾರ್ಶ್ವವಾಯು ಆಗಿ ಮಲಗಿದ ಅಜ್ಜ, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕಿದ ನಳಿಕೆ) ಇರುವವರು, ಮಗ್ಗುಲು ಬದಲಿಸಬೇಕಾದವರು. ಮೂರನೆಯದರಲ್ಲಿ ನಾಳೆ ಡಿಸ್ಚಾರ್ಜ್ ಆಗುವವರು.

ಮೊದಲ ಗೆರೆಯವರನ್ನು ನೀವು ಮತ್ತು ಜೂನಿಯರ್ ಹಂಚಿಕೊಳ್ಳಿ, ಅತಿ ಕಷ್ಟದವರು ನಿಮಗಿರಲಿ. ಎರಡನೆಯದರಲ್ಲಿ ಎಎನ್‌ಎಂ ಮತ್ತು ಆಯಾ ಜೋಡಿ. ಮೂರನೆಯವರ ನಿಗದಿತ ಕೆಲಸಕ್ಕೆ ವಿದ್ಯಾರ್ಥಿನಿ, ನಿಮ್ಮ ಕಣ್ಣಳತೆಯಲ್ಲಿ. ಸಾಧ್ಯವಿದ್ದರೆ ಮೊದಲ ಗೆರೆಯವರ ಹಾಸಿಗೆ ನರ್ಸಿಂಗ್ ಸ್ಟೇಷನ್ ಎದುರಿಗೆ ತನ್ನಿ. ಹಾಸಿಗೆ ಸರಿಸುವ ಹತ್ತು ನಿಮಿಷದ ಕಷ್ಟ ರಾತ್ರಿಯಿಡೀ ಉಪಯೋಗಕ್ಕೆ ಬರುತ್ತದೆ.

3. ಯಾರ ಕೈಲಿ ಏನು ಮಾಡಿಸಬಹುದು

ಹೊರದೇಶಕ್ಕೆ ಹೋಗಲು ಎನ್‌ಸಿಎಲ್‌ಇಎಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್) ಪರೀಕ್ಷೆಗೆ ಓದುವ ಹುಡುಗಿಯರು ಈ ಪಾಠವನ್ನು ಬಾಯಿಪಾಠ ಮಾಡುತ್ತಾರೆ: ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. ಅಮೆರಿಕದಲ್ಲಿ ಆರ್‌ಎನ್ (ಪೂರ್ಣ ನೋಂದಾಯಿತ ನರ್ಸ್), ಎಲ್‌ಪಿಎನ್ (ಅವರಿಗಿಂತ ಕೆಳಗಿನ ದರ್ಜೆಯ ನರ್ಸ್), ಸಹಾಯಕರು ಅಂತ ದರ್ಜೆ ಬೇರೆ ಬೇರೆ. ಯಾರು ಏನು ಮಾಡಬೇಕು ಅನ್ನುವುದು ಆಯಾ ರಾಜ್ಯದ ಕಾನೂನಿನಲ್ಲಿದೆ. ನಮ್ಮ ವಾರ್ಡಿನ ಜನ ಬೇರೆ, ಆದರೆ ಆ ಐದೂ ಮಾತು ಇಲ್ಲಿಗೂ ಹೊಂದುತ್ತವೆ.

ಆಯಾ ಅಕ್ಕ ಮೈ ಒರೆಸಬಹುದು, ಮಗ್ಗುಲು ಬದಲಿಸಬಹುದು, ಬೆಡ್‌ಪ್ಯಾನ್ ಕೊಡಬಹುದು, ಯೂರಿನ್ ಬ್ಯಾಗ್ ಅಳೆದು ಹೇಳಬಹುದು. ಯೂರಿನ್ ಕಡಿಮೆಯಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. 60 ಕೆಜಿ ತೂಕದವರಿಗೆ ಗಂಟೆಗೆ ಕಡೇಪಕ್ಷ 30 ಎಂಎಲ್ ಬರಬೇಕು ಅನ್ನುವ ಲೆಕ್ಕ ನಿಮ್ಮದು. ಎಎನ್‌ಎಂ ಸ್ಥಿತಿ ಗಟ್ಟಿಯಿರುವ ರೋಗಿಗಳ ಬಿಪಿ, ಶುಗರ್, ಡ್ರೆಸ್ಸಿಂಗ್ ನೋಡಬಹುದು. ವಿದ್ಯಾರ್ಥಿನಿ ಕಲಿಯಲು ಬಂದವಳು, ಕಡಿಮೆ ಬಿದ್ದ ಸ್ಟಾಫ್ ಅಲ್ಲ. ಅವಳು ಕೊಡುವ ಪ್ರತಿ ಇಂಜೆಕ್ಷನ್ ಪಕ್ಕ ರಿಜಿಸ್ಟ್ರೇಷನ್ ಇರುವ ಒಬ್ಬ ನರ್ಸ್ ನಿಂತಿರಬೇಕು.

ಮೊದಲ ಸಲ ನೋಡಿ ಅಂದಾಜು ಮಾಡುವುದು, ಮನೆಗೆ ಹೋಗುವವರಿಗೆ ಔಷಧ ತಿಳಿಸಿ ಹೇಳುವುದು, ಕೊಟ್ಟ ಚಿಕಿತ್ಸೆ ಕೆಲಸ ಮಾಡಿತೋ ಇಲ್ಲವೋ ಎಂದು ತೂಗುವುದು, ಈ ಮೂರನ್ನು ಆಯಾಗೂ ವಿದ್ಯಾರ್ಥಿನಿಗೂ ಬಿಡಬೇಡಿ. ಎಷ್ಟೇ ಚುರುಕಾಗಿದ್ದರೂ ಬೇಡ.

4. ಹೇಳುವ ರೀತಿ

ಈಗ ಆ ಹುಡುಗನ ವಿಷಯ. ಮಳೆಗಾಲ, ವಾರ್ಡ್ ತುಂಬಾ ಡೆಂಗಿ. 14 ವರ್ಷದವನು, ಜ್ವರದ ಐದನೇ ದಿನ. ನಾನು ವಿದ್ಯಾರ್ಥಿನಿಗೆ "ಎಲ್ಲರದ್ದೂ ಟೆಂಪರೇಚರ್ ನೋಡಿ ಬರಿ" ಅಂದೆ. ಅವಳು ಚೊಕ್ಕವಾಗಿ ನೋಡಿದಳು. ಎರಡು ಗಂಟೆಗೆ ಬಂದು ಖುಷಿಯಿಂದ "ಸಿಸ್ಟರ್, 12ನೇ ಬೆಡ್ಡಿನ ಹುಡುಗಗ ಜ್ವರ ಬಿಟ್ಟೈತ್ರಿ" ಅಂದಳು. ನನಗೂ ಖುಷಿ. "ಛಲೋ ಆತು" ಅಂದು ಇಂಡೆಂಟ್ (ಸಾಮಾನು ತರಿಸುವ) ಪುಸ್ತಕಕ್ಕೆ ತಲೆ ಹಾಕಿದೆ.

ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು. ರಕ್ತನಾಳದಿಂದ ನೀರಿನಂಶ ಸೋರುವುದು ಆಗಲೇ. ಇದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ನಾನು ಕೇಳಿದ್ದು ಟೆಂಪರೇಚರ್ ಒಂದೇ, ಅವಳು ತಂದದ್ದು ಟೆಂಪರೇಚರ್ ಒಂದೇ. ನಾಲ್ಕು ಗಂಟೆಗೆ ಅವರಮ್ಮ ಬಂದು "ಯಕ್ಕಾ, ಹುಡುಗನ ಕೈ ತಣ್ಣಗ ಆಗ್ಯಾವ, ಒಂದ ಸಮ ಹೊಟ್ಟಿನೋವು ಅಂತಾನ" ಅಂದರು. ಹೋಗಿ ನೋಡಿದರೆ ಬಿಪಿ 90/74. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಬರೀ 16. ಅಂತರ 20ಕ್ಕೆ ಇಳಿದರೇ ಶಾಕ್ (ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಅಂತ ಲೆಕ್ಕ. ಬರೀ 90 ಅನ್ನುವ ಅಂಕಿ ನೋಡಿದವರಿಗೆ ಅದು ಅಷ್ಟು ಹೆದರಿಕೆ ಹುಟ್ಟಿಸುವುದಿಲ್ಲ. ಓಡಾಡಿ, ಫ್ಲೂಯಿಡ್ ಹಾಕಿಸಿ, ಐಸಿಯುಗೆ ಕಳಿಸಿದೆವು. ಹುಡುಗ ಉಳಿದ. ಆ ಎರಡು ಗಂಟೆ ಮಾತ್ರ ನನ್ನ ಲೆಕ್ಕಕ್ಕೇ ಬಿತ್ತು, ಅವಳ ಲೆಕ್ಕಕ್ಕಲ್ಲ.

ಅಂದಿನಿಂದ ನಾನು ಕೆಲಸ ಒಪ್ಪಿಸುವಾಗ ಐದು ವಿಷಯ ಒಂದೇ ಉಸಿರಲ್ಲಿ ಹೇಳುತ್ತೇನೆ. ಯಾರದು, ಏನು ನೋಡಬೇಕು, ಎಷ್ಟೊತ್ತಿಗೆ, ಎಷ್ಟಾದರೆ ನನ್ನನ್ನು ಕರೆಯಬೇಕು, ನಾನು ಎಲ್ಲಿರುತ್ತೇನೆ. ಹೀಗೆ:

"12ನೇ ಬೆಡ್ ಹುಡುಗನ ಬಿಪಿ, ಪಲ್ಸ್ ಒಂದೊಂದು ತಾಸಿಗೆ ನೋಡು. ಜ್ವರ ಬಿಟ್ಟರ ಖುಷಿ ಪಡಬ್ಯಾಡ, ಓಡಿ ಬಂದು ನನಗ ಹೇಳು. ಮ್ಯಾಲಿನ ಬಿಪಿಗೂ ಕೆಳಗಿನದಕ್ಕೂ 30ಕ್ಕಿಂತ ಕಡಿಮಿ ಅಂತರ ಬಂದರೂ ಹೇಳು. ಕೈ-ಕಾಲು ಮುಟ್ಟಿ ನೋಡು. ಹೊಟ್ಟಿನೋವು, ವಾಂತಿ, ಒಸಡಿನಾಗ ರಕ್ತ ಅಂದರೂ ಕರಿ. ನಾನು 7ನೇ ಬೆಡ್ ಕಡೆ ಇರ್ತೀನಿ."

ಆಮೇಲೆ "ಈಗ ನೀ ಏನ್ ಮಾಡ್ತಿ, ಹೇಳು ನೋಡೋಣ" ಅಂತ ತಿರುಗಿ ಕೇಳಿ. "ತಿಳೀತಾ?" ಅಂತ ಕೇಳಿದರೆ ಎಲ್ಲರೂ "ಹ್ಞೂಂ ರೀ" ಅನ್ನುತ್ತಾರೆ.

ಸಣ್ಣ ಕೆಲಸಕ್ಕೂ ಇದು ಬೇಕು. ಹಾವು ಕಚ್ಚಿದವರಿಗೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತೇವಲ್ಲ. 2 ಎಂಎಲ್ ರಕ್ತವನ್ನು ಹೊಸ, ಒಣ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ಒಮ್ಮೆ ಒಬ್ಬಳಿಗೆ "ಇದನ್ನ ನೋಡ್ತಾ ಇರು" ಅಂದು ಹೋದೆ. ಪಾಪ, ಅವಳು ಎರಡೆರಡು ನಿಮಿಷಕ್ಕೆ ಎತ್ತಿ ಬಗ್ಗಿಸಿ ನೋಡಿದ್ದಾಳೆ! ಪರೀಕ್ಷೆ ಮೊದಲಿಂದ ಮಾಡಬೇಕಾಯಿತು. ಇನ್ನೊಬ್ಬರು ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬ್ ತಂದಿದ್ದರು. ಅದರಲ್ಲಿ ಒಳ್ಳೇ ರಕ್ತವೂ ಹೆಪ್ಪುಗಟ್ಟದೆ ಸುಳ್ಳು ಉತ್ತರ ಬರಬಹುದು. ಇಬ್ಬರೂ ಹೇಳಿದ್ದನ್ನು ಹೇಳಿದಂತೆ ಮಾಡಿದವರು. ನಾನೇ ಪೂರ್ತಿ ಹೇಳಿರಲಿಲ್ಲ.

5. ಇಬ್ಬರ ಕಣ್ಣು ಬೇಕಾದ ಔಷಧ

ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಮಾರ್ಫಿನ್ ಜಾತಿಯವು, ಮೆಗ್ನೀಸಿಯಂ ಸಲ್ಫೇಟ್, ರಕ್ತ. ಇವನ್ನು ಒಬ್ಬರು ತಯಾರಿಸಿದ ಮೇಲೆ ಇನ್ನೊಬ್ಬ ನರ್ಸ್ ತಾನೇ ಬೇರೆಯಾಗಿ ಲೆಕ್ಕ ಹಾಕಿ ನೋಡಬೇಕು. "ಸರಿ ಐತಲ್ಲ?" ಅಂತ ಸಿರಿಂಜ್ ತೋರಿಸಿ ತಲೆ ಆಡಿಸಿಕೊಂಡು ಹೋಗುವುದು ಚೆಕ್ ಅಲ್ಲ.

ಇನ್ಸುಲಿನ್ ನೋಡಿ. ನಮ್ಮಲ್ಲಿ ಬಾಟಲಿಯದ್ದು ಸಾಮಾನ್ಯವಾಗಿ 1 ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜ್ 1 ಎಂಎಲ್‌ಗೆ 100 ಯೂನಿಟ್. ರೋಗಿ ಮನೆಯಿಂದ ತಂದ ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಡ್ಜಿನಿಂದ ಕೆಂಪು ಸಿರಿಂಜಿಗೆ 10ರ ಗೆರೆಯ ತನಕ ಎಳೆದರೆ ಒಳಗೆ ಬಂದಿರುವುದು 25 ಯೂನಿಟ್. ರಾತ್ರಿ ಊಟ ಬಿಟ್ಟು ಮಲಗಿದ ಅಜ್ಜಿಗೆ ಇದು ಸಾಕು, ಬೆಳಗಾಗುವಷ್ಟರಲ್ಲಿ ಎಚ್ಚರ ತಪ್ಪಲು. ಅದಕ್ಕೇ ಸಿರಿಂಜ್ ಒಂದನ್ನೇ ನೋಡಬೇಡಿ, ಬಾಟಲಿಯನ್ನೂ ಪಕ್ಕದಲ್ಲಿ ಇಡಿಸಿ ನೋಡಿ. ಊಟ ಆಗಿದೆಯಾ ಅಂತ ರೋಗಿಯನ್ನೇ ಕೇಳಿ.

ಪೊಟ್ಯಾಸಿಯಂ ಆಂಪೂಲನ್ನು ಡಿಸ್ಟಿಲ್ಡ್ ವಾಟರ್ ಪಕ್ಕ ಇಡಲೇಬೇಡಿ. ಅದನ್ನು ಬೆರೆಸದೆ ನೇರ ನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಬೇರೆ ಡಬ್ಬಿ, ಬೇರೆ ಕಪಾಟು, ಬೀಗ. ಒಬ್ಬರು ತುಂಬಿಟ್ಟ ಸಿರಿಂಜನ್ನು ಇನ್ನೊಬ್ಬರು ಕೊಡುವುದೂ ಬೇಡ. ರಕ್ತ ಏರಿಸುವಾಗ ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಬೇಡಿ, ಒಂದು ಚೀಲ 4 ಗಂಟೆಯೊಳಗೆ ಮುಗಿಯಬೇಕು. ಆ 15 ನಿಮಿಷ ಉಳಿದ ವಾರ್ಡನ್ನು ಯಾರು ನೋಡುತ್ತಾರೆ ಅಂತ ಚೀಲ ತರಿಸುವ ಮೊದಲೇ ಗೊತ್ತು ಮಾಡಿಕೊಳ್ಳಿ.

6. ರೋಗಿಯ ಕಡೆಯವರೂ ನಿಮ್ಮ ತಂಡವೇ

ಪುಸ್ತಕಗಳಲ್ಲಿ ಇವರ ವಿಷಯ ಅಷ್ಟಾಗಿ ಇರುವುದಿಲ್ಲ. ನಮ್ಮ ವಾರ್ಡಿನಲ್ಲಿ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಹೆಂಡತಿ, ತಮ್ಮ, ಅತ್ತಿಗೆ ಇದ್ದೇ ಇರುತ್ತಾರೆ. ಅವರು ನೋಡುವಷ್ಟು ಹೊತ್ತು ನಾವು ಯಾರೂ ನೋಡುವುದಿಲ್ಲ. "ಮಾತು ತೊದಲಿದರ, ದಮ್ಮು ಹತ್ತಿದರ, ಎಬ್ಬಿಸಿದರ ಏಳದಿದ್ದರ ತಡಾ ಮಾಡದ ಕರೀರಿ, ಬೈಯಂಗಿಲ್ಲ" ಅಂತ ಮಲಗುವ ಮುಂಚೆ ಹೇಳಿ. ಆ ಕೊನೇ ಮಾತು ಮುಖ್ಯ. ಒಮ್ಮೆ ಬೈಸಿಕೊಂಡವರು ಮತ್ತೆ ಕರೆಯುವುದಿಲ್ಲ.

ಅದೇ ಜನ ಬಾಟಲಿ ಬೇಗ ಮುಗಿಯಲಿ ಅಂತ ಡ್ರಿಪ್ಪಿನ ಗಾಲಿ ಜೋರಾಗಿ ಬಿಡುತ್ತಾರೆ. ಆಕ್ಸಿಜನ್ ಮೀಟರನ್ನೂ ತಿರುಗಿಸುತ್ತಾರೆ. ಮಲಗಿದವರ ಬಾಯಿಗೆ ಚಹಾ ಹಾಕುತ್ತಾರೆ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಇವನ್ನು ಮುಟ್ಟಬೇಡಿ ಅಂದರೆ ಸಾಲದು, ಯಾಕೆ ಅಂತಲೂ ಹೇಳಿ. ರೈಲ್ಸ್ ಟ್ಯೂಬಿನ ಗಂಜಿ ಅವರ ಕೈಗೆ ಬಿಡುವುದಾದರೆ ಎರಡು ಸಲ ನಿಮ್ಮೆದುರು ಮಾಡಿಸಿದ ಮೇಲೆ, ತಲೆ ಎತ್ತರಿಸಿ ಕೂರಿಸುವುದನ್ನು ಕಲಿಸಿದ ಮೇಲೆ.

7. ನಾಲ್ಕು ಕೆಲಸ ಒಟ್ಟಿಗೆ ಬಂದಾಗ

ಬೆಳಗಿನ ಜಾವ ಮೂರು ಗಂಟೆ. 22ನೇ ಬೆಡ್ಡಿನವರ ಬಾಟಲಿ ಖಾಲಿ. 19ರಲ್ಲಿ ಹೊಸ ಅಡ್ಮಿಷನ್, ಶುಗರ್ ಜಾಸ್ತಿ, ವಾಂತಿ. ಫೋನ್ ಹೊಡೆದುಕೊಳ್ಳುತ್ತಿದೆ. ಅಷ್ಟರಲ್ಲಿ 7ನೇ ಬೆಡ್ಡಿನ ಹೆಂಗಸು ಬಂದು ಮೆಲ್ಲಗೆ "ಸಿಸ್ಟರ್, ಇವರಿಗೆ ದಿಂಬಿನ ಮ್ಯಾಲಿಂದ ತಲಿ ಎತ್ತಾಕ ಆಗವಲ್ದು" ಅನ್ನುತ್ತಾಳೆ.

ನಾಲ್ಕರಲ್ಲಿ ಕಡಿಮೆ ಗದ್ದಲದ್ದು ಅದೇ. ಅದಕ್ಕೇ ಮೊದಲು ಹೋಗಬೇಕು. ಅವನು ಎರಡು ದಿನದ ಹಿಂದೆ ಹತ್ತಿ ಹೊಲಕ್ಕೆ ಹೊಡೆಯುವ ಎಣ್ಣಿ ಕುಡಿದು ಬಂದವನು. ಇಂಥ ವಿಷದಲ್ಲಿ 24ರಿಂದ 96 ಗಂಟೆಯೊಳಗೆ ಕುತ್ತಿಗೆ ಬಲ ಹೋಗಬಹುದು, ಅದರ ಬೆನ್ನಿಗೇ ಉಸಿರಿನ ಸ್ನಾಯು. ಅಟ್ರೋಪಿನ್ ಇದಕ್ಕೆ ನಾಟುವುದಿಲ್ಲ, ವೆಂಟಿಲೇಟರ್ ಬೇಕಾಗಬಹುದು. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಬೀಳುವುದು ತಡವಾಗಿ. ನೀವು 7ಕ್ಕೆ, ಜೂನಿಯರ್ 19ಕ್ಕೆ, ಎಎನ್‌ಎಂ 22ರ ಡ್ರಿಪ್ ಮುಚ್ಚಲು, ಫೋನ್ ವಿದ್ಯಾರ್ಥಿನಿಗೆ. ಆಯಾ ಅಕ್ಕ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮತ್ತು ಸಕ್ಷನ್ ಟ್ರಾಲಿ ತರಲಿ. ಹೆಸರು ಹಿಡಿದು ಹೇಳಿ. "ಯಾರಾದ್ರೂ ಟ್ರಾಲಿ ತರ್ರಿ" ಅಂದರೆ ಯಾರೂ ತರುವುದಿಲ್ಲ.

ಒಂದೇ ಉಸಿರಿನಲ್ಲಿ ಎಷ್ಟರ ತನಕ ಎಣಿಸುತ್ತಾನೆ ನೋಡಿ. ಆಮೇಲೆ ಡಾಕ್ಟರಿಗೆ ಫೋನ್.

8. ಡಾಕ್ಟರನ್ನು ಎಬ್ಬಿಸುವುದು

ಎಬ್ಬಿಸಲು ಅಂಜಿ ಹಾಳಾದ ಕೇಸುಗಳೇ ಜಾಸ್ತಿ. "ಸರ್, 7ನೇ ಬೆಡ್ ಪೇಷಂಟ್ ಯಾಕೋ ಸರಿ ಇಲ್ಲ ಅನಸ್ತದ್ರಿ" ಅಂದರೆ ನಿದ್ದೆಗಣ್ಣಿನ ಪಿಜಿ (ಡ್ಯೂಟಿಯ ಕಿರಿಯ ಡಾಕ್ಟರ್) "ವೈಟಲ್ಸ್ ನೋಡಿ, ಬೆಳಿಗ್ಗೆ ಬರ್ತೀನಿ" ಅನ್ನುತ್ತಾನೆ. ಅವನ ತಪ್ಪೂ ಪೂರ್ತಿ ಅಲ್ಲ. ಎಸ್‌ಬಿಎಆರ್ ಅನ್ನುವ ಕ್ರಮ ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು: ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನಿಸುತ್ತದೆ, ನಿಮ್ಮಿಂದ ಏನು ಬೇಕು.

"ಸರ್, ಮೆಡಿಸಿನ್ ವಾರ್ಡಿಂದ ಇನ್‌ಚಾರ್ಜ್ ಸಿಸ್ಟರ್. 7ನೇ ಬೆಡ್, 42 ವರ್ಷ, ತಲೆ ಎತ್ತಾಕ ಆಗವಲ್ದು, ಈಗ ಕಾಲು ತಾಸಾತು. ಎಣ್ಣಿ ಕುಡದು ಎರಡು ದಿನ, ಅಟ್ರೋಪಿನ್ ನಡದೈತಿ. ಉಸಿರು 28, ಸ್ಯಾಚುರೇಷನ್ 94. ಸಂಜೀಕ ಒಂದ ಉಸಿರಿಗೆ 18 ಎಣಿಸಿದ್ದ, ಈಗ 9. ಉಸಿರಿನ ಸ್ನಾಯು ಸೋಲಾಕತ್ತೈತಿ ಅನಸ್ತದ. ನೀವು ಈಗ ಬರಬೇಕ್ರಿ, ನಾನು ಐಸಿಯುಗ ಫೋನ್ ಮಾಡ್ತೀನಿ."

ಆದರೂ "ಬೆಳಿಗ್ಗೆ ನೋಡೋಣ" ಅಂದರೆ? ಜಗಳ ಬೇಡ. "ನನಗ ಇದು ಸೇಫ್ ಅನಸವಲ್ದು ಸರ್. ಸೀನಿಯರ್‌ಗೆ ತಿಳಸ್ತೀನಿ, ನೋಟ್ಸ್‌ನಾಗ ಟೈಮ್ ಹಾಕಿ ಬರೀತೀನಿ" ಅನ್ನಿ. ನೂರಕ್ಕೆ ತೊಂಬತ್ತು ಸಲ ಅಷ್ಟಕ್ಕೇ ಚಪ್ಪಲಿ ಹಾಕಿಕೊಳ್ಳುವ ಸದ್ದು ಕೇಳಿಸುತ್ತದೆ. ಇಲ್ಲದಿದ್ದರೆ ಹೇಳಿದಂತೆ ಮಾಡಿ. ಸೀನಿಯರ್ ರೆಸಿಡೆಂಟ್, ಆನ್‌ಕಾಲ್ ಕನ್ಸಲ್ಟೆಂಟ್, ನೈಟ್ ಸೂಪರ್‌ವೈಸರ್, ಈ ನಂಬರುಗಳು ಡ್ಯೂಟಿ ಶುರುವಾಗುವಾಗಲೇ ನಿಮ್ಮ ಚೀಟಿಯಲ್ಲಿರಬೇಕು.

ಫೋನಿನಲ್ಲಿ ಔಷಧ ಹೇಳಿದರೆ ಬರೆದುಕೊಂಡು ತಿರುಗಿ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ. "ಒಂದು, ಐದು, ಹದಿನೈದೇ ಅಲ್ರೀ ಸರ್?" ಅಂತ ಕೇಳಿ.

9. ತಪ್ಪಾದರೆ, ಯಾರಾದರೂ ಒಲ್ಲೆ ಅಂದರೆ

ಇಪ್ಪತ್ತು ವರ್ಷದ ಆಯಾ ಅಕ್ಕನಿಗೆ ನಿನ್ನೆ ಬಂದ ನೀವು ಹುಕುಂ ಹಾಕಿದರೆ ನಡೆಯುವುದಿಲ್ಲ. "ಅಕ್ಕಾರ, 14ನೇ ಬೆಡ್ ಅಜ್ಜನ ಬೆನ್ನು ನಿಮ್ಮ ಕಣ್ಣಿಗೇ ಮೊದಲು ಕಾಣೋದು, ಕೆಂಪಾಗಿದ್ದರ ಹೇಳ್ರಿ" ಅನ್ನಿ. ಜೂನಿಯರ್ "ಇದು ನನಗೆ ಬರಲ್ಲ" ಅಂದರೆ ಸಿಟ್ಟಾಗಬೇಡಿ. ಅವಳು ಹಾಗೆ ಹೇಳದೆ ಮಾಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಜತೆಗೆ ನಿಂತು ಒಮ್ಮೆ ಮಾಡಿಸಿ.

ತಪ್ಪು ಔಷಧ ಹೋದರೆ ಮೊದಲು ರೋಗಿ, ಆಮೇಲೆ ಡಾಕ್ಟರ್, ಆಮೇಲೆ ಬರಹ. ನಡೆದದ್ದನ್ನು ನಡೆದಂತೆ ಟೈಮ್ ಹಾಕಿ ಬರೆಯಿರಿ. ಕೇಸ್ ಶೀಟಿನಲ್ಲಿ ಹೊಡೆದು ತಿದ್ದಬೇಡಿ. ಎಲ್ಲರೆದುರು ಬೈದರೆ ಮುಂದಿನ ತಪ್ಪು ನಿಮ್ಮ ತನಕ ಬರುವುದೇ ಇಲ್ಲ.

10. ಬೆಳಗಿನ ಹ್ಯಾಂಡೋವರ್

ಹಾಸಿಗೆ ನಂಬರಿನ ಪ್ರಕಾರ ಸುತ್ತುವ ಮೊದಲು, ನಿಮಗೆ ಚಿಂತೆ ಇರುವ ಮೂವರ ಹೆಸರು ಹೇಳಿ. ಮುಗಿಯದ ಕೆಲಸ ಮುಚ್ಚಿಡಬೇಡಿ: ಕಳಿಸದ ಸ್ಯಾಂಪಲ್, ಬರಬೇಕಾದ ರಿಪೋರ್ಟ್, ಸಹಿ ಆಗದ ಫೋನ್ ಆರ್ಡರ್. ಬಸ್ಸಿನಲ್ಲಿ ಕೂತ ಮೇಲೆ ಏನೋ ಬಿಟ್ಟೆ ಅನಿಸಿದರೆ ಅಲ್ಲಿಂದಲೇ ವಾರ್ಡಿಗೆ ಫೋನ್ ಮಾಡಿ. ಚಿಗರಿ ಬಸ್ಸು ಉಣಕಲ್ ದಾಟುವಾಗ ನಾನು ಎಷ್ಟೋ ಸಲ ಮಾಡಿದ್ದೇನೆ. "11ನೇ ಬೆಡ್ಡಿನವರಿಗೆ ಪೆನ್ಸಿಲಿನ್ ಆಗಂಗಿಲ್ಲಂತ, ಊರಿನ ಡಾಕ್ಟರ್ ಚೀಟಿಯಾಗ ಐತಿ, ನಮ್ಮ ಕೇಸ್ ಶೀಟಿಗೆ ಏರಿಸಿಲ್ಲ. ಹತ್ತು ಗಂಟೆ ಡೋಸ್ ಹಾಕಬ್ಯಾಡ್ರಿ, ಮೊದಲ ಡಾಕ್ಟರಿಗೆ ತೋರಸ್ರಿ."